ಐದು ಖಣದ ಮಾಸ್ಕು, ಮೂರು ಸೊನ್ನೆ

ಕಂಡದ್ದನ್ನೆಲ್ಲ ಎಣಿಸಿಡುವ ನನ್ನ ನಾಲ್ಕನೇ ನೋಟ್‌ಬುಕ್ಕಿನ ನಡುವೆ ಒಂದು ಬಿಡಿ ಹಾಳೆ ಇದೆ. ಅದರಲ್ಲಿ ಗೆರೆ ಎಳೆದದ್ದು ನಾನು, ತುಂಬಿದ್ದು ತಂಗಿ. ಆರು ಸಾಲು, ಪ್ರತಿ ಸಾಲಿಗೆ ಹದಿಮೂರು ಚೌಕ. ಸಾಲೊಂದು ದಿನ, ಚೌಕವೊಂದು ತಾಸು. ಮಾಸ್ಕ್ ಹಾಕಿಕೊಂಡಿದ್ದ ತಾಸಿಗೆ ಒಂದು ಗೀಟು, ಹಾಕದ ತಾಸಿಗೆ ಏನೂ ಇಲ್ಲ, ಸಾಲಿನ ಕೊನೆಗೆ ಮೊತ್ತ. ಹೇಗೆ ತುಂಬಬೇಕೆಂದು ಮೇಲೆ ನೀಲಿ ಪೆನ್ನಿನಲ್ಲಿ ಬರೆದುಕೊಟ್ಟಿದ್ದೆ. ನಾನು ಈಗ ಟಿಲ್‌ಬರ್ಗ್ ನಗರದಲ್ಲಿ ಓದುತ್ತಿದ್ದೇನೆ. ಮನೆಗೆ ಹೋದಾಗೊಮ್ಮೆ ಆ ನೋಟ್‌ಬುಕ್ ತೆರೆದರೆ ಮೊದಲು ಕೈಗೆ ಬರುವುದು ಅದೇ ಹಾಳೆ.

೨೦೨೦ರ ಬೇಸಿಗೆ. ನನಗೆ ಹದಿನೈದು, ತಂಗಿಗೆ ಹನ್ನೊಂದು. ಮನೆ ಬೆಸ್ಟ್ ಎಂಬ ಡಚ್ ಊರಿನಲ್ಲಿ, ಸಾಲುಮನೆಗಳಲ್ಲಿ ಒಂದು. ಮೇಲೆ ಅಟ್ಟದ ಕೋಣೆ, ಹಿಂದೆ ಸಣ್ಣ ಹಿತ್ತಲು. ಅವ್ವನ ಅವ್ವ, ಅಂದರೆ ನಮ್ಮ ಅಜ್ಜಿ, ಮೂರು ತಿಂಗಳಿದ್ದು ಹೋಗಲೆಂದು ಜನವರಿಯಲ್ಲಿ ಬಾಗಲಕೋಟೆಯಿಂದ ಬಂದಿದ್ದರು. ವಿಮಾನಗಳು ನಿಂತವು. ಅವರ ವೀಸಾ ಎರಡು ಸಲ ಮುಂದುವರಿಯಿತು. ಅಜ್ಜಿಗೆ ದಮ್ಮು. ಮಾರ್ಚ್‌ನಿಂದ ಅವರು ಹಿತ್ತಲಿನ ಬೇಲಿ ದಾಟಿರಲಿಲ್ಲ. ಕೊನೆಗೆ ಆಗಸ್ಟ್ ೯, ರವಿವಾರದ ವಿಶೇಷ ವಿಮಾನದಲ್ಲಿ ಅವರಿಗೊಂದು ಸೀಟು ಸಿಕ್ಕಿತು.

ಅಜ್ಜಿ ಬಂದ ವಾರದಿಂದ ತಂಗಿಯ ತಲೆ ಅವರ ಸುಪರ್ದಿಯಲ್ಲಿತ್ತು. ಬೆಳಿಗ್ಗೆ ಚಹಾ ಆದಮೇಲೆ ಅಜ್ಜಿ ಸೋಫಾದ ಮೇಲೆ ಕೂರುವುದು, ತಂಗಿ ಅವರ ಮೊಣಕಾಲುಗಳ ನಡುವೆ ನೆಲದ ಮೇಲೆ ಕೂರುವುದು, ಎಣ್ಣೆ, ಬಾಚಣಿಕೆ, ಎರಡು ಹೆರಳು. ಶಾಲೆಯಲ್ಲಿ ಯಾರೂ ಹಾಗೆ ಹೆರಳು ಹಾಕಿಕೊಂಡು ಬರುವುದಿಲ್ಲ. ತಂಗಿ ಮಾತ್ರ ಒಂದು ದಿನವೂ ಬೇಡ ಅಂದಿರಲಿಲ್ಲ. ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಐದೈದರ ಕಂತೆ ಮಾಡಿ ಅದನ್ನೂ ಎಣಿಸುತ್ತಿದ್ದೆ. ಜುಲೈ ೫ರ ಹೊತ್ತಿಗೆ ನೂರಾ ಅರವತ್ತೊಂದು ಮುಂಜಾನೆ.

ಜುಲೈ ೫ನ್ನು ಹೇಳಲು ಕಾರಣವಿದೆ. ಆವತ್ತು ಅಪ್ಪ ಊಟದ ಮೇಜಿನ ಮೇಲೆ ಒಂದು ಲೆಕ್ಕ ಮಾಡಿದರು.

ತಂಗಿ ಹಿಂದಿನ ವರ್ಷವೇ ಒಂದು ಬೇಸಿಗೆ ಶಿಬಿರಕ್ಕೆ ಹೆಸರು ಕೊಟ್ಟಿದ್ದಳು. ಕಾಡಿನ ಅಂಚಿನಲ್ಲಿ ಡೇರೆ, ಆರು ದಿನ, ಅವಳ ತರಗತಿಯ ಮೂವರು ಗೆಳತಿಯರು ಜೊತೆಗೆ. ಅದು ರದ್ದಾಗುತ್ತದೆ ಅಂದುಕೊಂಡಿದ್ದೆವು. ಆಗಲಿಲ್ಲ. ಜುಲೈ ೨೦ರ ಸೋಮವಾರದಿಂದ ೨೫ರ ಶನಿವಾರದವರೆಗೆ ನಡೆಸುತ್ತೇವೆ, ಎಲ್ಲವೂ ಬಯಲಿನಲ್ಲಿ, ಎಂದು ಪತ್ರ ಬಂತು. ನಾಲ್ಕು ತಿಂಗಳಿಂದ ಮನೆಯಲ್ಲಿ ಕೂತ ಹುಡುಗಿಗೆ ಹೋಗಬೇಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಆದರೆ ಹೋಗಿಬಂದವಳು ಅಜ್ಜಿಯ ಹತ್ತಿರ ಹೇಗೆ ಕೂರುವುದು?

ಅಪ್ಪನ ಲೆಕ್ಕ ಇದು. ಶಿಬಿರದಲ್ಲಿ ನಿದ್ದೆ, ಊಟ ಬಿಟ್ಟು ಉಳಿದ ಹೊತ್ತೆಲ್ಲ ಮಾಸ್ಕ್ ಹಾಕಿಕೊಂಡಿದ್ದರೆ ವಾಪಸು ಬಂದಮೇಲೆ ಏಳು ದಿನ ಅಟ್ಟದಲ್ಲಿ ಪ್ರತ್ಯೇಕ. ಇಲ್ಲದಿದ್ದರೆ ಹದಿನಾಲ್ಕು. ಇದಕ್ಕೆ ಯಾವ ವೈದ್ಯರ ಆಧಾರವೂ ಇರಲಿಲ್ಲ. ಅಪ್ಪನಿಗೇ ಅದು ಗೊತ್ತಿತ್ತು. “ಏನರ ಒಂದು ಲೆಕ್ಕ ಬೇಕಲ್ಲ,” ಅಂದರು. ನಾನು ಕ್ಯಾಲೆಂಡರ್ ಮೇಲೆ ಗುರುತು ಹಾಕಿದೆ. ಏಳಾದರೆ ಆಗಸ್ಟ್ ೨ರಿಂದ ಅಜ್ಜಿ ಹೊರಡುವ ತನಕ ಎಂಟು ಮುಂಜಾನೆ ಸಿಗುತ್ತವೆ. ಹದಿನಾಲ್ಕಾದರೆ ಒಂದೇ. ಹೊರಡುವ ದಿನದ ಮುಂಜಾನೆ.

“ಎಂಟು ಹೆರಳಾ, ಒಂದು ಹೆರಳಾ, ನೀನ ನೋಡು,” ಎಂದೆ ತಂಗಿಗೆ.

“ಎರಡೆರಡು ಹಾಕ್ತಾರ ಅಜ್ಜಿ. ಹದಿನಾರು,” ಎಂದು ಅವಳು ನನ್ನನ್ನೇ ತಿದ್ದಿದಳು.

ಮಾಸ್ಕ್ ಹೊಲಿದದ್ದು ಅಜ್ಜಿ. ಕುಪ್ಪಸಕ್ಕೆಂದು ಊರಿಂದ ತಂದ ಎರಡು ಖಣಗಳಿದ್ದವು, ಒಂದು ಕೆಂಪು, ಒಂದು ಗಿಳಿಹಸಿರು. ಅವನ್ನು ಕತ್ತರಿಸಿ, ಒಳಗೆ ಅಪ್ಪನ ಹಳೆಯ ಬನಿಯನ್ನಿನ ಅಸ್ತರ ಕೊಟ್ಟು, ಐದು ಮಾಸ್ಕ್ ಮಾಡಿದರು. ಹೊಲಿಯುತ್ತ ಹೇಳಿದ್ದು ನನಗೆ ಬರೆದಿಡಬೇಕೆನಿಸಿತು: “ಖಾರ ಕುಟ್ಟೂ ಮುಂದ ನಾವೂ ಮೂಗಿಗೆ ಬಟ್ಟಿ ಕಟ್ತಿದ್ವಿ. ಆದ್ರ ಹುಡುಗರಿಗೆ ಕಟ್ತಿದ್ದಿಲ್ಲ. ಆಡಾಕ ಹೋಗ್ರಿ ಅಂತ ಅವರನ್ನ ಹೊರಗ ಅಟ್ತಿದ್ವಿ.”

ಅವ್ವನಿಗೆ ಒಂದು ಚಿಂತೆ ಉಳಿದಿತ್ತು. ಎಲ್ಲರೂ ಮಾಸ್ಕ್ ಇಲ್ಲದೆ ಇದ್ದರೆ ಇವಳೊಬ್ಬಳೇ ಎಷ್ಟು ಹೊತ್ತು ಹಾಕಿಕೊಂಡಾಳು? ಅದಕ್ಕೆ ಅವ್ವ ಕಂಡುಕೊಂಡ ದಾರಿ ನಮ್ಮ ಕಡೆಯ ತಾಯಂದಿರೆಲ್ಲರ ದಾರಿ. ಮನೆಯಲ್ಲಿ ಹೇಳಿದರೆ ಕೇಳದ ಮಗುವಿನ ಬಗ್ಗೆ ಶಾಲೆಗೆ ಹೋಗಿ, “ನೀವ ಒಂದ್ ಮಾತು ಹೇಳ್ರಿ ಟೀಚರ್, ನಿಮ್ಮ ಮಾತು ಕೇಳ್ತಾಳ,” ಅನ್ನುವುದು. ಅವ್ವ ಚಿಕ್ಕವಳಿದ್ದಾಗ ಅಜ್ಜಿ ಹಾಗೆ ಹೇಳಿ ಬಂದಿದ್ದರಂತೆ, ಹಾಲು ಕುಡಿಯುವ ವಿಷಯಕ್ಕೆ.

ಮನೆಯಲ್ಲಿ ಡಚ್ ಪತ್ರಗಳನ್ನು ಬರೆಯುವವಳು ನಾನು. ಶಿಬಿರದವರಿಗೆಂದು ಅವ್ವ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಮನೆಯಲ್ಲಿ ದಮ್ಮಿನ ಅಜ್ಜಿ ಇದ್ದಾರೆ. ತಂಗಿಯ ಡೇರೆಯ ಮಕ್ಕಳಿಗೆಲ್ಲ ಮಾಸ್ಕ್ ಕಡ್ಡಾಯ ಮಾಡಲಾಗುವುದೇ. ಅದಾಗದಿದ್ದರೆ ನಮ್ಮ ಮಗಳಿಗಾದರೂ ತಾವು ಹೇಳಿ ಹಾಕಿಸುವಿರೇ. ಜುಲೈ ೮ಕ್ಕೆ ಕಳಿಸಿದೆ. ೧೦ಕ್ಕೆ ಉತ್ತರ ಬಂತು. ಮೂರೇ ಪ್ಯಾರಾ.

ಮೊದಲನೆಯದು: ಸರ್ಕಾರದ ನಿಯಮದಂತೆ ಶಿಬಿರದಲ್ಲಿ ಹನ್ನೆರಡರವರೆಗಿನ ಮಕ್ಕಳು ಅಂತರವನ್ನೂ ಕಾಯಬೇಕಿಲ್ಲ, ಮಾಸ್ಕನ್ನೂ ಹಾಕಬೇಕಿಲ್ಲ. ನಿಯಮ ಕೇಳದೇ ಇರುವುದನ್ನು ನಾವು ಮಕ್ಕಳಿಂದ ಕೇಳಬಾರದು ಎಂದು ನಮ್ಮ ಮಂಡಳಿ ತೀರ್ಮಾನಿಸಿದೆ. ಎರಡನೆಯದು: ನಿಮ್ಮ ಮಗಳು ಹಾಕಿಕೊಳ್ಳಬಹುದು, ಯಾರೂ ತಡೆಯುವುದಿಲ್ಲ, ಯಾರೂ ಛೇಡಿಸದಂತೆ ನೋಡಿಕೊಳ್ಳುತ್ತೇವೆ. ಮೂರನೆಯದು ಒಂದೇ ಸಾಲು: ಅವಳಿಗೆ ಏನು ಬೇಕು ಎಂದು ಅವಳನ್ನು ಕೇಳಿದ್ದೀರಾ?

ನಾನು ಓದಿ ಹೇಳಿದೆ. ಅವ್ವ ಇನ್ನೊಮ್ಮೆ ಓದಿಸಿದರು.

“ಏನ್ ಉತ್ತರಾ ಇದು! ನಾ ಅವರನ್ನ ಕೇಳಿದ್ರ, ನೀ ಮಗಳನ್ನ ಕೇಳು ಅಂತಾರ. ಮಗಳು ಕೇಳೂ ಹಂಗಿದ್ರ ಇವರಿಗ್ಯಾಕ ಪತ್ರಾ ಬರೀತಿದ್ದೆ?”

ನನಗೆ ಮಾತ್ರ ಮೊದಲ ಪ್ಯಾರಾ ಬಿಡಲೇ ಇಲ್ಲ. ಹಾಕಿಕೊಳ್ಳಿ ಅನ್ನುವ ನಿಯಮ ನನಗೆ ಅರ್ಥವಾಗುತ್ತಿತ್ತು. ರೈಲಿನಲ್ಲಿ, ಬಸ್ಸಿನಲ್ಲಿ ಹದಿಮೂರು ತುಂಬಿದವರಿಗೆಲ್ಲ ಅದು ಇತ್ತು, ನಾನು ಪಾಲಿಸುತ್ತಿದ್ದೆ. ಮಕ್ಕಳಿಗೆ ಹಾಕಿಕೊಳ್ಳಿ ಅನ್ನಬೇಡಿ ಎಂದು ದೊಡ್ಡವರನ್ನೇ ಕಟ್ಟಿಹಾಕುವ ನಿಯಮವನ್ನು ನೋಡಿದ್ದು ಅದೇ ಮೊದಲು. ಇದನ್ನು ಮಾಡಿದವರು ಮೇಜಿನ ಸುತ್ತ ಕೂತು ಏನೇನು ಮಾತಾಡಿರಬಹುದು? ಮತ್ತೆ ಹದಿಮೂರೇ ಯಾಕೆ? ಒಂದು ಹುಟ್ಟುಹಬ್ಬಕ್ಕೆ ಉಸಿರು ಬದಲಾಗುತ್ತದೆಯೇ? ನೋಟ್‌ಬುಕ್ಕಿನ ಎಡಪುಟದಲ್ಲಿ ಈ ಪ್ರಶ್ನೆಗಳು ಹಾಗೇ ಇವೆ. ಬಲಪುಟವನ್ನು ಉತ್ತರಕ್ಕೆಂದು ಖಾಲಿ ಬಿಟ್ಟಿದ್ದೆ.

ತಂಗಿಯನ್ನು ಕೇಳಿದ್ದು ಕೊನೆಗೆ ನಾನೇ, ಹಲ್ಲುಜ್ಜುವಾಗ. “ನಿಂಗೇನ್ ಬೇಕು?”

ಅವಳು ಬಾಯಲ್ಲಿ ಬುರುಗು ಇಟ್ಟುಕೊಂಡೇ, “ಎರಡೂ. ಶಿಬಿರಾನೂ, ಹೆರಳೂ,” ಅಂದಳು.

ಆಗ ಮಾಡಿಕೊಟ್ಟದ್ದು ಆ ಹಾಳೆ. ಹೇಳುವವರು ಯಾರೂ ಇಲ್ಲದಿದ್ದರೆ ಚೌಕಗಳು ಹೇಳುತ್ತವೆ ಎಂದು ನನ್ನ ಎಣಿಕೆ. ನನ್ನ ಮಟ್ಟಿಗೆ ಯಾವತ್ತೂ ಹಾಗೇ ಆಗಿತ್ತು.

ಜುಲೈ ೨೦ರಂದು ಅಪ್ಪ ಮತ್ತು ನಾನು ಅವಳನ್ನು ಬಿಟ್ಟುಬರಲು ಹೋದೆವು. ದೊಡ್ಡವರು ಗೇಟಿನ ಹೊರಗೇ ನಿಲ್ಲಬೇಕಿತ್ತು. ನಾನು ಎಣಿಸಿದೆ: ನಲವತ್ತಮೂರು ಮಕ್ಕಳು, ಮಾಸ್ಕ್ ಒಂದು. ಕೆಂಪು ಖಣ, ಅಂಚಿನಲ್ಲಿ ಸಣ್ಣ ಬಿಳಿ ಚಿಕ್ಕಿ. ಅವಳ ಗುಂಪನ್ನು ನೋಡಿಕೊಳ್ಳುವ ಹುಡುಗಿ ಬಂದಳು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಕೊರಳಲ್ಲಿ ಸೀಟಿ. ತಂಗಿಯ ಚೀಲ ಎತ್ತಿಕೊಂಡು, “ಎಷ್ಟು ಚೆಂದ ಬಟ್ಟೆ!” ಅಂದಳು ಡಚ್‌ನಲ್ಲಿ. ಬೇರೇನೂ ಅನ್ನಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಪತ್ರ ಬರೆದದ್ದು ನಾನು,” ಎಂದೆ. “ನೀವ್ಯಾಕೆ ಹೇಳಬಾರದು? ಒಂದು ಮಾತು ತಾನೆ?”

ಅವಳು ಚೀಲವನ್ನು ಕೆಳಗಿಟ್ಟಳು. “ಹೇಳಿದೆ ಅಂತಿಟ್ಟುಕೋ. ನಾಳೆ ಅವಳು ತೆಗೆದಳು. ಆಗ ನಾನು ಏನು ಮಾಡಬೇಕು? ಆಟದಿಂದ ಹೊರಗೆ ಕೂರಿಸಲಾ? ಮನೆಗೆ ಕಳಿಸಲಾ?”

ನನ್ನ ಹತ್ತಿರ ಬೇರೆ ಪ್ರಶ್ನೆ ಇತ್ತು. “ಇವರಲ್ಲಿ ಯಾರಿಗಾದರೂ ಈ ವಾರ ಹದಿಮೂರು ತುಂಬಿದರೆ?”

ಅವಳು ನಕ್ಕುಬಿಟ್ಟಳು. “ಅಗೋ, ಆ ಉದ್ದ ಹುಡುಗಿ. ಗುರುವಾರ. ಬರುವಾಗ ಬಸ್ಸಿನಲ್ಲಿ ಅವಳಿಗೆ ಮಾಸ್ಕ್ ಬೇಕಿರಲಿಲ್ಲ, ಹೋಗುವಾಗ ಬೇಕು. ಇಲ್ಲಿ ಮಾತ್ರ ಗುರುವಾರ ಅವಳಿಗೆ ಕೇಕ್ ಅಷ್ಟೇ.”

ಕಾರಿನಲ್ಲಿ ಇದನ್ನು ಬಲಪುಟಕ್ಕೆ ಬರೆದುಕೊಂಡೆ. ಹದಿಮೂರೇ ಯಾಕೆ ಅನ್ನುವುದಕ್ಕೆ ಉತ್ತರ ಸಿಗಲಿಲ್ಲ. ಆದರೆ ನಿಯಮ ಮಾಡುವವರಿಗೆ ಅದನ್ನು ಮುರಿದವರನ್ನು ಏನು ಮಾಡುವುದು ಅನ್ನುವ ತಲೆನೋವೂ ಇರುತ್ತದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಆ ಆರು ದಿನ ಅಜ್ಜಿ ಬೆಳಗಿನ ಚಹಾ ಆದಮೇಲೆ ಸುಮ್ಮನೆ ಸೋಫಾದ ಮೇಲೆ ಕೂರುತ್ತಿದ್ದರು. ಒಂದು ದಿನ ನನ್ನನ್ನು ಕರೆದರು. ನನ್ನದು ಭುಜಕ್ಕೂ ಬಾರದ ಕೂದಲು. “ಇದಕ್ಕ ಏನ್ ಹಾಕ್ಲಿ, ಇಲಿ ಬಾಲಾ?” ಎಂದು ಬಾಚಿ ಬಿಟ್ಟರು. ಲೆಕ್ಕದಲ್ಲಿ ಅದನ್ನು ಸೇರಿಸಲಿಲ್ಲ.

ಶನಿವಾರ ಕರೆತರಲು ಹೋದಾಗ ತಂಗಿ ಗೇಟಿನ ಹತ್ತಿರ ಹಸಿರು ಮಾಸ್ಕ್ ಹಾಕಿಕೊಂಡು ನಿಂತಿದ್ದಳು. ಮಾಸ್ಕಿನ ಮೇಲೆ ಕಂಡಷ್ಟು ಮೂಗು, ಹಣೆ, ಕಿವಿ ಎಲ್ಲ ಬಿಸಿಲಿಗೆ ಒಂದೇ ಬಣ್ಣ. ಮನೆಗೆ ಬಂದು ಹಿತ್ತಲ ಬಾಗಿಲಿಂದ ನೇರ ಅಟ್ಟಕ್ಕೆ ಹೋದಳು. ಅಜ್ಜಿ ಅಡುಗೆಮನೆಯ ಕಿಟಕಿಯಿಂದ ಕೈ ಎತ್ತಿದರು. ಸ್ವಲ್ಪ ಹೊತ್ತಿಗೆ ಅಟ್ಟದ ಮೆಟ್ಟಿಲ ಮೇಲಿಂದ ಹಾಳೆ ಜಾರಿ ಬಂತು.

ಸೋಮವಾರ ಹನ್ನೊಂದು. ಊಟದ ಎರಡು ತಾಸು ಬಿಟ್ಟು ಅಷ್ಟೇ ಸಾಧ್ಯ, ಅಂದರೆ ಪೂರ್ತಿ. ಮಂಗಳವಾರ ನಾಲ್ಕು. ಬುಧವಾರ ಸೊನ್ನೆ. ಗುರುವಾರ ಸೊನ್ನೆ. ಶುಕ್ರವಾರ ಸೊನ್ನೆ. ಶನಿವಾರದ ಸಾಲಿನಲ್ಲಿ ಗೀಟಿನ ಬದಲು ಸಣ್ಣ ಅಕ್ಷರದಲ್ಲಿ ಬರೆದಿದ್ದಳು: ಹತ್ತು ನಿಮಿಷ, ಅಪ್ಪನ ಕಾರು ಬರೋದಿತ್ತು ಅಂತ.

ಐದರಲ್ಲಿ ನಾಲ್ಕು ಮಾಸ್ಕ್ ವಾಪಸು ಬಂದಿದ್ದವು. ಎರಡರ ಇಸ್ತ್ರಿಯ ಮಡಿಕೆ ಹಾಗೇ ಇತ್ತು. ಐದನೆಯದನ್ನು ಡೇರೆಯ ಕಂಬಕ್ಕೆ ಕಟ್ಟಿದ್ದರಂತೆ, ಡೇರೆಗಳೆಲ್ಲ ಒಂದೇ ತರಹ ಇದ್ದುದರಿಂದ ಗುರುತಿಗೆ.

ನಾನು ಮೆಟ್ಟಿಲ ಕೆಳಗೆ ಕೂತು ಕೇಳಿದೆ. “ಯಾರರ ನಕ್ಕರೇನು?”

“ಇಲ್ಲ.”

“ಮತ್ತ?”

“ಸುಮ್ನ. ಸೆಕಿ ಇತ್ತು. ಮಂಗಳವಾರ ನೀರಾಟಾ ಆಡಿದ್ವಿ, ತಗದೆ. ಆಮ್ಯಾಲ ಹಾಕ್ಕೋಬೇಕು ಅಂತ... ವಿಚಾರ ಮಾಡಿದೆ, ಅಕ್ಕಾ. ಎಂಟು ಮುಂಜಾನೆ ಅಂತ ಎಲ್ಲಾ ನೆನಪು ಮಾಡ್ಕೊಂಡೆ. ನೆನಪು ಮಾಡ್ಕೊಂಡೂ ಹಾಕ್ಕೊಳ್ಳಲಿಲ್ಲ.” ಮೇಲಿನ ಮೆಟ್ಟಿಲಿಂದ ಬಗ್ಗಿ ನೋಡಿ, “ಅಜ್ಜಿಗೆ ಸಿಟ್ಟು ಬಂತೇನು?” ಅಂದಳು.

ಅಜ್ಜಿಗೆ ಇನ್ನೂ ಗೊತ್ತಿರಲಿಲ್ಲ. ಹಾಳೆಯನ್ನು ಕೆಳಗೆ ಒಯ್ದು ಮೇಜಿನ ಮೇಲಿಟ್ಟೆ. ಅವ್ವ ಬೆರಳಿಟ್ಟು ಒಂದೊಂದೇ ಸಾಲು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. “ಎಲ್ಲಾ ದಿನಕ್ಕೂ ಹನ್ನೊಂದು ಅಂತ ಬರಕೊಂಡು ಬಂದಿದ್ರ ನಮಗೆಲ್ಲಿ ಗೊತ್ತಾಗ್ತಿತ್ತು?” ಎಂದರು, ಯಾರನ್ನೂ ಕೇಳದ ಹಾಗೆ.

ನಿಜವೇ. ನೋಡುವವರಿಲ್ಲ, ಹೇಳುವವರಿಲ್ಲ, ಚಾಡಿ ಹೇಳುವವರಿಲ್ಲ. ಸೀಸದ ಕಡ್ಡಿ ಅವಳ ಕೈಯಲ್ಲೇ ಇತ್ತು. ಆ ಹಾಳೆಯನ್ನು ನಾನು ತುಂಬುವುದಿದ್ದರೆ ಏನು ಬರೆಯುತ್ತಿದ್ದೆ ಎಂದು ಆವತ್ತು ಯೋಚಿಸಿದೆ, ಆಮೇಲೂ ಎಷ್ಟೋ ಸಲ ಯೋಚಿಸಿದ್ದೇನೆ.

ಅಪ್ಪ ಕ್ಯಾಲೆಂಡರ್ ನೋಡಿದರು. “ಅತ್ತಿ, ಹೆಂಗೂ ಎಲ್ಲಾ ಬಯಲಾಗ ನಡದದ್ದು. ಒಂದು ದಿನಾ ಪೂರಾ ಹಾಕ್ಕೊಂಡಾಳ. ನಡುವ ಹತ್ತು ದಿನಾ ಅಂತ ಇಟ್ಕೊಳ್ಳೂಣ್ರಿ. ನಿಮಗ ಐದು ಮುಂಜಾನೆ ಸಿಗ್ತಾವ.”

ಅವ್ವ ಕೂಡಲೇ ಹೂಂ ಅಂದರು. ನಾನೂ.

ಅಜ್ಜಿ ಅಷ್ಟರಲ್ಲಿ ಹಾಳೆ ತೆಗೆದುಕೊಂಡಿದ್ದರು. ಅವರಿಗೆ ವಾರಗಳ ಹೆಸರಿಗಿಂತ ಸೊನ್ನೆಗಳು ಚೆನ್ನಾಗಿ ಕಂಡಿರಬೇಕು. ತಂಗಿ ಅವನ್ನು ದೊಡ್ಡದಾಗಿ ದುಂಡಗೆ ಬರೆದಿದ್ದಳು. “ಬ್ಯಾಡ,” ಅಂದರು. “ಹದಿನಾಕು ಅಂದ್ರ ಹದಿನಾಕು. ಆಕಿ ಗೊತ್ತಿದ್ದು ಸೊನ್ನಿ ಬರದಾಳ. ನಾವು ಅದನ್ನ ಹತ್ತು ಮಾಡಿದ್ರ, ಆಕಿ ಖರೇ ಬರದದ್ದು ಯಾತಕ್ಕ ಬಂತು?”

“ಅವ್ವಾ, ನಿನಗ ಒಂದ ಮುಂಜಾನೆ ಉಳೀತೈತಿ,” ಎಂದರು ಅವ್ವ.

“ಗೊತ್ತೈತಿ. ನನಗೂ ಎಣಸಾಕ ಬರ್ತೈತಿ.”

ಅದು ಹಾಗೇ ಆಯಿತು. ಆದರೆ ಅಜ್ಜಿ ಸುಮ್ಮನೆ ಕೂರುವವರಲ್ಲ. ಮರುದಿನ ನಾಲ್ಕು ಗಂಟೆಗೆ ಹಿತ್ತಲಲ್ಲಿ ಎರಡು ಕುರ್ಚಿ ಹಾಕಿಸಿದರು. ನಡುವಿನ ಜಾಗವನ್ನು ಕೈಯಿಂದ ಅಳೆದರು, ಮೂರು ಮೊಳ, ಮೇಲೊಂದು ಗೇಣು. ಅಪ್ಪ ನಂಬದೆ ಟೇಪು ತಂದರು: ನೂರಾ ಐವತ್ತನಾಲ್ಕು ಸೆಂಟಿಮೀಟರ್. ಈ ದೇಶವೆಲ್ಲ ಅಂಗಡಿಯ ನೆಲಕ್ಕೆ ಪಟ್ಟಿ ಅಂಟಿಸಿ ಕಾಯುತ್ತಿದ್ದ ಒಂದೂವರೆ ಮೀಟರ್.

ಒಂದು ಕುರ್ಚಿಯಲ್ಲಿ ತಂಗಿ, ಇನ್ನೊಂದರಲ್ಲಿ ಅಜ್ಜಿ. ಅಜ್ಜಿ ಖಣದ ಉಳಿದ ಅಂಚನ್ನು ಮೂರು ಎಳೆ ಸೀಳಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಕಟ್ಟಿದ್ದರು. ತಾವು ಅದನ್ನು ಹೆಣೆಯುವುದು, ತಂಗಿ ನೋಡಿಕೊಂಡು ತನ್ನ ಕೂದಲನ್ನು ಹೆಣೆದುಕೊಳ್ಳುವುದು.

“ಬಿಗಿ ಹಿಡಿಯವಾ. ಹಂಗ್ ಹಿಡದ್ರ ಎತ್ತಿನ ಬಾಲಾ ಆಗ್ತೈತಿ.”

“ಅಜ್ಜಿ, ಹಿಂದ ನನಗ ಕಾಣ್ಸೂದಿಲ್ಲ!”

“ನನಗ ಕಾಣ್ತೈತಲ್ಲ. ಎಡಗಡೆ ಎಳಿ ಬಿಟ್ಟಿ ನೋಡು.”

ಮೂರನೆಯ ದಿನ ಅರ್ಧಕ್ಕೇ ಬಿಚ್ಚಿಹೋಯಿತು. ಆರನೆಯ ದಿನ ಒಂದು ಹೆರಳು ಮೇಲೆ, ಒಂದು ಕೆಳಗೆ. ಪಕ್ಕದ ಮನೆಯ ಡಚ್ ಅಜ್ಜಿ ಬೇಲಿಯ ಮೇಲಿಂದ ನೋಡಿ, ತನ್ನ ಬಿಳಿ ಕೂದಲನ್ನು ತೋರಿಸಿ, ತನಗೂ ಕಲಿಸಿ ಎಂದು ಸನ್ನೆ ಮಾಡಿದಳು. ಅಜ್ಜಿ, “ಈಕಿಗೆ ಮೂರು ಮೊಳಾ ಸಾಲೂದಿಲ್ಲ, ಭಾಳ ಮಾತಾಡ್ತಾಳ,” ಅಂದರು. ಹತ್ತನೆಯ ದಿನ ಎರಡೂ ಸಮ ಬಂದವು. ನಾನು ಈ ಹೆರಳುಗಳಿಗೆ ಬೇರೆ ಅಂಕಣ ಮಾಡಿದೆ. ಅಜ್ಜಿ ಹಾಕಿದ್ದು ಅನ್ನುವುದರಲ್ಲಿ ಬರೆಯಲಾಗದು, ತಂಗಿ ಹಾಕಿಕೊಂಡದ್ದು ಅಂದರೂ ಪೂರ್ತಿ ಸರಿಯಲ್ಲ. ಅಂಕಣಕ್ಕೆ ಹೆಸರು ಕೊಡದೆ ಬಿಟ್ಟೆ. ಅದರ ಮೊತ್ತ ಹದಿನಾಲ್ಕು ಸಂಜೆ.

ಆಗಸ್ಟ್ ೯ರ ಮುಂಜಾನೆ ತಂಗಿ ಅಟ್ಟದಿಂದ ಇಳಿದು ಬಂದಳು. ಹೆರಳು ತಾನೇ ಹಾಕಿಕೊಂಡಿದ್ದಳು, ಬಿಗಿಯಾಗಿ, ನೇರ ಬೈತಲೆ. ಅಜ್ಜಿ ತಿರುಗಿಸಿ ನೋಡಿ, “ಬಿಚ್ಚೂದ ಬ್ಯಾಡ, ಚೊಲೊ ಬಂದಾವ,” ಅಂದರು. ತಂಗಿ ಎರಡನ್ನೂ ಬಿಚ್ಚಿ, ನೆಲದ ಮೇಲೆ ಕೂತು, ಅಜ್ಜಿಯ ಮೊಣಕಾಲಿಗೆ ಬೆನ್ನು ಕೊಟ್ಟಳು. ಎಣ್ಣೆಯ ಬಾಟಲಿ ಚೀಲದ ತಳಕ್ಕೆ ಹೋಗಿತ್ತು. ಅವ್ವ ಕಟ್ಟಿದ ಚೀಲ ಬಿಚ್ಚಿ ತೆಗೆದುಕೊಟ್ಟರು. ಒಂದು.

ವಿಮಾನ ನಿಲ್ದಾಣಕ್ಕೆ ಅಪ್ಪನ ಕಾರಿನಲ್ಲೇ ಹೊರಟೆವು. ಮುಚ್ಚಿದ ಕಾರು, ದಮ್ಮಿನ ಅಜ್ಜಿ. ಹಾಗಾಗಿ ಕಿಟಕಿ ಅರ್ಧ ತೆರೆದು ಎಲ್ಲರೂ ಮಾಸ್ಕ್ ಹಾಕಬೇಕೆಂದು ಅಪ್ಪ ಮೊದಲೇ ಹೇಳಿದ್ದರು. ಮುಂದೆ ಅಪ್ಪ, ಅವ್ವ. ಹಿಂದೆ ಒಂದು ಕಿಟಕಿಗೆ ನಾನು, ಇನ್ನೊಂದಕ್ಕೆ ಅಜ್ಜಿ, ನಡುವೆ ತಂಗಿ. ಅವಳು ಯಾರೂ ಹೇಳದೆ ಜೇಬಿನಿಂದ ಹಸಿರು ಮಾಸ್ಕ್ ತೆಗೆದು ಹಾಕಿಕೊಂಡಳು.

ಹೆದ್ದಾರಿಗೆ ಬಂದಮೇಲೆ ಅಜ್ಜಿ ಅದನ್ನು ಬೆರಳಿನಿಂದ ಕೆಳಗೆ ಎಳೆದರು.

“ಅತ್ತಿ, ಇರಲಿ ಬಿಡ್ರಿ,” ಎಂದರು ಅಪ್ಪ ಕನ್ನಡಿಯಲ್ಲಿ ನೋಡಿ.

“ಯಾಕ? ನೀವು ಅಂಗಡಿಗೆ ಹೋಗಿ ಬಂದೀರಿ. ಈಕಿ ಅವ್ವ ಔಷಧದ ಅಂಗಡಿಗೆ ಹೋಗಿ ಬಂದಾಳ. ದೊಡ್ಡಾಕಿ ಸೈಕಲ್ ಹತ್ತಿ ಎಲ್ಲೆಲ್ಲಿ ತಿರಗ್ಯಾಳೋ. ಹದಿನಾಕು ದಿನಾ ಎಲ್ಲಿಯೂ ಹೋಗದ ಅಟ್ಟದಾಗ ಕುಂತಾಕಿ ಇದೊಂದ. ಈ ಗಾಡಿಯೊಳಗ ನಿಮ್ಮೆಲ್ಲಾರಿಗೂ ಬೇಕು, ಈಕಿಗೆ ಬ್ಯಾಡ. ನಾ ನೋಡ್ಕೊಂತ ಹೋಗ್ತೀನಿ.”

ಅಪ್ಪ ಲೆಕ್ಕ ಹಾಕಿದ್ದು ಅವರ ಹುಬ್ಬಿನಲ್ಲೇ ಕಂಡಿತು. ತಪ್ಪು ಹುಡುಕಲು ಆಗಲಿಲ್ಲ. ನಾನೂ ಮನಸ್ಸಿನಲ್ಲೇ ಮಾಡಿ ನೋಡಿದೆ, ಸರಿಯಾಗಿತ್ತು.

ತಂಗಿ ಮಾಸ್ಕನ್ನು ಕಿವಿಯಿಂದ ಬಿಡಿಸಿ ಮಡಿಚಿ ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬಿಸಿಲಿಗೆ ಸುಟ್ಟ ತಂಗಿಯ ಮೂಗಿನ ಸಿಪ್ಪೆ ಏಳುತ್ತಿತ್ತು; ಅಜ್ಜಿ ಒಂದು ತಾಸು ಹತ್ತು ನಿಮಿಷವೂ ಅದನ್ನೇ ನೋಡುತ್ತಿದ್ದರು. ನಾನು ನೋಟ್‌ಬುಕ್ ತೆಗೆದು ತೊಡೆಯ ಮೇಲಿಟ್ಟು ಬರೆದೆ: ಕಾರಿನಲ್ಲಿ ಐದು ಜನ, ಮಾಸ್ಕ್ ನಾಲ್ಕು.